ಎಂಟು ಲಿಫ್ಟರ್‌ಗಳ ತಗಾದೆ

ದೋಣಿಗಲ್
9 ಜೂನ್ 2025

ಮೋನಿಕಾಗೆ,

ಈ ಸಲ ಆಶೀರ್ವಾದ ಇಲ್ಲ. ಫೋನ್ ಮಾಡಿದರೆ ಎರಡು ಸಲ ಮಧ್ಯದಲ್ಲೇ ಕಟ್ ಮಾಡಿದೆ. ಮೂರನೇ ಸಲಕ್ಕೆ ನಂಬರನ್ನೇ ಬ್ಲಾಕ್ ಮಾಡಿದ್ದೀಯಂತೆ. ಸ್ವಂತ ದೊಡ್ಡಪ್ಪನ ನಂಬರು! ಆಗಲಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಪೂರ್ತಿ ಓದು.

ಹೆತ್ತೂರಿನ ಜಗದಾಂಬಳ ಜೀಪು ನಿನಗೆ ಗೊತ್ತು. ಎಸ್ಟೇಟ್ ಕೂಲಿ ಲೈನ್‌ಗಳ ಮಕ್ಕಳನ್ನು ಶಾಲೆಗೆ ತಂದು ಬಿಡುವ ಜೀಪು. ಅದರ ಎಂಜಿನ್ ಇಳಿಸಿ ಹೊಸದಾಗಿ ಕಟ್ಟಿದೆ. ಹಾಸನದ ಅಂಗಡಿಗಳಲ್ಲಿ ಬರೀ ಡುಪ್ಲಿಕೇಟ್ ಮಾಲು, ನೀನು ಹೇಗೂ ಹೊಸೂರಿನಲ್ಲಿ ಲಿಫ್ಟರ್ ಮಾಡುವ ಕಂಪನಿಯಲ್ಲೇ ಇದ್ದೀಯ, ಅದೂ ಮಾಲು ಪರೀಕ್ಷೆ ಮಾಡುವ ಟೇಬಲ್ಲಿನಲ್ಲಿ ಎಂದು ನಂಬಿ ಎಂಟು ತರಿಸಿಕೊಂಡೆ. ಹೆಬ್ಬೆರಳು ಗಾತ್ರದ ಎಂಟು ಉಕ್ಕಿನ ಕುಪ್ಪಿಗಳು. ಒಳಗೆ ಎಣ್ಣೆ ತುಂಬಿಕೊಂಡು, ತಿರುಗುವ ಕ್ಯಾಮ್ ದಂಡದ ಉಬ್ಬಿಗೂ ಅದು ತೆರೆಯುವ ವಾಲ್ವಿಗೂ ನಡುವೆ ಸಂದು ಬೀಳದ ಹಾಗೆ ನೋಡಿಕೊಳ್ಳಬೇಕು. ಅವಕ್ಕೆ ಇರುವುದು ಅದೊಂದೇ ಕೆಲಸ. ಅದನ್ನೂ ಮಾಡಲಿಲ್ಲ.

ಗಾಡಿ ಬಿಟ್ಟು ಹತ್ತು ದಿನಕ್ಕೆ ಟಕಟಕ ಶುರುವಾಯಿತು. ಹೋದ ಶುಕ್ರವಾರ ಬೆಳಿಗ್ಗೆ, ಮಳೆಯಲ್ಲಿ, ಹೆತ್ತೂರಿನ ಈಚೆ ಏರಿನಲ್ಲಿ ಎಂಜಿನ್ ನಿಂತೇಹೋಯಿತು. ಜೀಪು ಹಿಂದಕ್ಕೆ ಜಾರಿತು. ಒಳಗೆ ಹನ್ನೊಂದು ಮಕ್ಕಳು. ಜಗದಾಂಬ ಗಟ್ಟಿಗಿತ್ತಿ, ಸ್ಟೇರಿಂಗ್ ತಿರುಗಿಸಿ ಗಾಡಿಯನ್ನು ಗುಡ್ಡದ ಪಕ್ಕದ ಧರೆಗೆ ಒರಗಿಸಿ ನಿಲ್ಲಿಸಿದಳು. ಮಕ್ಕಳಿಗೆ ಏನೂ ಆಗಲಿಲ್ಲ. ಇನ್ನೊಂದು ಪಕ್ಕಕ್ಕೆ ಜಾರಿದ್ದರೆ ಏನಿತ್ತು ಎಂದು ನಾನು ಬರೆಯುವುದಿಲ್ಲ.

ಮಧ್ಯಾಹ್ನ ಗ್ಯಾರೇಜಿಗೆ ಬಂದು ಎಲ್ಲರ ಮುಂದೆ ನನ್ನ ಗ್ರಹಚಾರ ಬಿಡಿಸಿದಳು. "ಮೃತ್ಯುಂಜಯಣ್ಣ, ನಿಮ್ ಕೈ ನಂಬಿ ಗಾಡಿ ಬಿಟ್ಟಿದ್ದೆ ಕಣಣ್ಣ. ಯಾರ ಮಾಲು ಹಾಕಿದ್ರಿ, ಅದನ್ನ ಹೇಳಿ ಮೊದ್ಲು" ಎಂದಳು. ನಿನ್ನ ಹೆಸರು, ಕಂಪನಿಯ ಹೆಸರು ಎರಡೂ ಹೇಳಿದೆ. "ಹಂಗಾರೆ ಬರೀರಿ ಆ ಕಂಪ್ನಿಗೆ, ನನ್ನ ಮುಂದೆನೇ ಬರೀರಿ" ಎಂದು ಸ್ಟೂಲ್ ಎಳೆದುಕೊಂಡು ಕೂತಳು. ಡಬ್ಬದ ಮೇಲಿನ ವಿಳಾಸಕ್ಕೆ ದೂರು ಬರೆದು ಹಾಕಿದ್ದೇನೆ, ಬ್ಯಾಚ್ ನಂಬರ್ ಸಮೇತ, ಕಳಿಸಿದವರ ಹೆಸರು ಸಮೇತ.

ಎಂಜಿನ್ ಬಿಚ್ಚಿ ಎಂಟನ್ನೂ ನಿನ್ನದೇ ಡಬ್ಬದಲ್ಲಿ ಹಾಕಿ ಕಳಿಸುತ್ತಿದ್ದೇನೆ. ಇಟ್ಟುಕೋ, ಪೂಜೆ ಮಾಡು.

ಮೃತ್ಯುಂಜಯ


ಹೊಸೂರು
14 ಜೂನ್ 2025

ದೊಡ್ಡಪ್ಪನವರಿಗೆ,

ನಮಸ್ಕಾರ ಮಾಡಿದ್ದೇನೆ. ಅಮ್ಮ ಕಲಿಸಿದ್ದಾಳೆ, ಅದಕ್ಕೆ.

ಮಕ್ಕಳಿಗೆ ಏನೂ ಆಗಲಿಲ್ಲವಲ್ಲ, ಆ ಒಂದು ಸಾಲನ್ನು ನಾಲ್ಕು ಸಲ ಓದಿದೆ. ಉಳಿದದ್ದನ್ನು ಒಂದೇ ಸಲ ಓದಿದೆ, ಮೈ ಉರಿದುಹೋಯಿತು. ಫೋನ್ ಯಾಕೆ ಕಟ್ ಮಾಡಿದೆ ಗೊತ್ತೇ? ನೀವು "ಕಳ್ಳ ಮಾಲು" ಅಂದಿರಿ. ನನ್ನನ್ನು ಏನು ಬೇಕಾದರೂ ಅನ್ನಿ, ಏಳನೇ ಕ್ಲಾಸಿನಿಂದ ಅನ್ನಿಸಿಕೊಂಡಿದ್ದೇನೆ. ನನ್ನ ಕೆಲಸವನ್ನು ಅನ್ನಬೇಡಿ.

ಆ ಎಂಟನ್ನು ಹೇಗೆ ಆರಿಸಿದೆ ಎಂದು ಕೇಳಿದಿರಾ? ಸ್ಟಾಫಿನ ರಿಯಾಯಿತಿ ಚೀಟಿಯಲ್ಲಿ ಯಾವುದೋ ಒಂದು ಡಬ್ಬ ಎತ್ತಿ ಕಳಿಸಬಹುದಿತ್ತು. ನಾನು ನಲವತ್ತು ತೆಗೆದುಕೊಂಡು ಕೂತೆ. ಮೊದಲು ತಳ ನೋಡಿದೆ. ಕ್ಯಾಮ್ ಉಜ್ಜುವ ಜಾಗ ಅದು, ಮೆತ್ತಗಿದ್ದರೆ ವಾರದಲ್ಲಿ ಸವೆದು ಕ್ಯಾಮನ್ನೂ ತಿನ್ನುತ್ತದೆ. ಆಮೇಲೆ ಒಂದೊಂದಕ್ಕೂ ಎಣ್ಣೆ ತುಂಬಿ, ತೂಕ ಹೇರಿ, ಒಳಗಿನ ಪ್ಲಂಜರ್ ಕೆಳಗಿಳಿಯಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಮೆಷಿನ್ನಿನಲ್ಲಿ ಅಳೆದೆ. ಬೇಗ ಇಳಿದರೆ ಎಣ್ಣೆ ಸೋರುತ್ತಿದೆ ಎಂದು ಅರ್ಥ, ಇಳಿಯದೇ ಇದ್ದರೆ ಕಚ್ಚಿಕೊಂಡಿದೆ ಎಂದು. ನಲವತ್ತೂ ಪಾಸಾದವೇ. ಆದರೂ ಇಪ್ಪತ್ತೆಂಟರಿಂದ ಮೂವತ್ತೊಂದು ಸೆಕೆಂಡಿನ ಒಳಗೆ ಇಳಿದ ಎಂಟನ್ನು ಮಾತ್ರ ಕಳಿಸಿದೆ. ಎಂಟೂ ಒಂದೇ ಸಮ ಇರಲಿ, ಘಾಟಿಯ ಗಾಡಿ ಎಂದು. ಎರಡು ಭಾನುವಾರ ಹೋಯಿತು.

ಈಗ ನಾನು ಕೇಳುತ್ತೇನೆ, ನೀವು ಹೇಳಿ. ಹಾಕುವ ಮೊದಲು ಒಂದು ದಿನ ಎಣ್ಣೆಯಲ್ಲಿ ನೆನೆಸಿದಿರಾ? ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ಎಂಜಿನ್ ತಿರುಗಿಸಿದಿರಾ? ಎಲ್ಲಕ್ಕಿಂತ ಮೊದಲು ಹೆಬ್ಬೆರಳಲ್ಲಿ ಒತ್ತಿ ನೋಡಿದಿರಾ? "ಮೆಷಿನ್ ಸುಳ್ಳು ಹೇಳಬಹುದು, ಹೆಬ್ಬೆರಳು ಹೇಳಲ್ಲ" ಎಂದು ನನಗೆ ಕಲಿಸಿದವರು ನೀವು. ನಿಮ್ಮ ಹೆಬ್ಬೆರಳು ಏನು ಹೇಳಿತು?

ಇನ್ನೊಂದು ವಿಷಯ. ನಿಮ್ಮ ದೂರು ತಲುಪಿದೆ. ಗುರುವಾರ ಮ್ಯಾನೇಜರ್ ಕರೆದು ಕೇಳಿದರು. ಸದ್ಯಕ್ಕೆ ನನ್ನನ್ನು ಟೇಬಲ್ಲಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ್ದಾರೆ. ಆರು ವರ್ಷದ ಕೆಲಸ ದೊಡ್ಡಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೋನಿಕಾ


ದೋಣಿಗಲ್
18 ಜೂನ್ 2025

ಮೋನಿಕಾಗೆ,

ಯಾರೇ ಕುಣಿಯಲಾರದವರು? ನೀನು ಹುಟ್ಟುವ ಮೊದಲೇ ಇಲ್ಲಿ ಎಂಜಿನ್ ಕಟ್ಟಿದವನು ನಾನು. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯವರು "ದೋಣಿಗಲ್ಲಿನ ಮೃತ್ಯುಂಜಯ ಎಲ್ಲವ್ನೆ" ಎಂದು ಕೇಳಿಕೊಂಡು ಬರುತ್ತಾರೆ. ನಿನ್ನ ಕಂಪನಿಯನ್ನು ಯಾರೂ ಕೇಳಿಕೊಂಡು ಬರುವುದಿಲ್ಲ.

ಎಣ್ಣೆಯಲ್ಲಿ ನೆನೆಸಿದೆ. ಅದನ್ನು ನೀನು ನನಗೆ ಹೇಳಿಕೊಡುವಷ್ಟು ದೊಡ್ಡವಳಾದೆಯಾ? ಅರ್ಧ ಗಂಟೆಯಲ್ಲ, ಊಟ ಮುಗಿಸಿ ಬಂದು ತಿರುಗಿಸಿದೆ. ಹೆಬ್ಬೆರಳಿನ ವಿಚಾರ ನಿನಗೆ ಬೇಡ. ನನ್ನ ಕೈ, ನನ್ನ ಗ್ಯಾರೇಜು.

ಈಗಿನವರಿಗೆ ಎಲ್ಲಕ್ಕೂ ಸೆಕೆಂಡು, ಮೈಕ್ರಾನು. ಅಷ್ಟೆಲ್ಲ ಅಳೆದ ಮಾಲು ಹತ್ತು ದಿನಕ್ಕೆ ಯಾಕಮ್ಮ ಸತ್ತಿತು? ಬಿಚ್ಚಿ ನೋಡಿದರೆ ಕ್ಯಾಮಿನ ಎರಡು ಉಬ್ಬು ಇಲಿ ಕಚ್ಚಿದ ಹಾಗೆ ಸವೆದಿದ್ದವು. ಜಗದಾಂಬ ದಿನ ಬಿಟ್ಟು ದಿನ ಬಂದು ನಿಲ್ಲುತ್ತಾಳೆ. ಜೀಪಿಗೆ ಒಂದು ಸುತ್ತು ಬಂದು ನೋಡಿ ಹೋಗುತ್ತಾಳೆ. ಅವಳು ಬೈದರೇ ವಾಸಿಯಿತ್ತು. ಮಕ್ಕಳು ಮಳೆಯಲ್ಲಿ ನಡೆದು ಹೋಗುತ್ತಿದ್ದಾರಂತೆ.

ಪ್ಯಾಕಿಂಗಿಗೆ ಹಾಕಿದರೆ ಏನಾಯಿತು, ಸಂಬಳ ಬರುತ್ತದಲ್ಲ. ಸ್ವಲ್ಪ ದಿನ ಡಬ್ಬ ಮಡಚು, ಬುದ್ಧಿ ಬರುತ್ತದೆ.

ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಮೊನ್ನೆ ಪಿಕಪ್ಪಿನ ಸೈಲೆನ್ಸರ್ ತಗುಲಿ ಬಲಗೈ ಹೆಬ್ಬೆರಳು ಸುಟ್ಟಿದೆ. ವಾಸನೆ ಬಂದ ಮೇಲೆ ನೋಡಿಕೊಂಡೆ. ನಿನ್ನ ದೊಡ್ಡಮ್ಮ ಗುರುಶಾಂತಮ್ಮ ಮುಲಾಮು ಹಚ್ಚಿ ದೊಡ್ಡ ಬಟ್ಟೆ ಸುತ್ತಿ ಕೂರಿಸಿದ್ದಾಳೆ, ಪೆನ್ನು ಹಿಡಿಯುವುದೇ ಕಷ್ಟ.

ಮೃತ್ಯುಂಜಯ


ಹೊಸೂರು
23 ಜೂನ್ 2025

ದೊಡ್ಡಪ್ಪನವರಿಗೆ,

ನೀವು ಕಳಿಸಿದ ಡಬ್ಬವನ್ನು ಮ್ಯಾನೇಜರ್ ಮುಂದೆಯೇ ತೆಗೆದೆವು. ಎಂಟನ್ನೂ ಮೆಷಿನ್ನಿಗೆ ಹಾಕಿದೆವು. ಐದು ಕಚ್ಚಿಕೊಂಡಿವೆ, ತೂಕ ಹೇರಿದರೂ ಒಂದು ಕೂದಲೆಳೆ ಇಳಿಯಲಿಲ್ಲ. ಎರಡರ ತಳ ಮೆತ್ತಗೆ, ಸವೆದು ಗುಳಿ ಬಿದ್ದಿದೆ. ಒಂದರೊಳಗೆ ಅರದ ಪುಡಿ ಹಾಗೇ ಇದೆ. ಇವು ನಮ್ಮ ಕಾರ್ಖಾನೆಯವೇ ಅಲ್ಲ ದೊಡ್ಡಪ್ಪ. ಶುದ್ಧ ಡುಪ್ಲಿಕೇಟ್.

ನಿಮಗೆ ಹೇಳದೆ ಇಟ್ಟಿದ್ದ ಮಾತೊಂದಿದೆ. ಎಂಜಿನ್ ಬಿಚ್ಚಿದಾಗ ಯಾವುದು ಯಾವ ತೂತಿನದೋ ಅದೇ ತೂತಿಗೆ ಹೋಗಬೇಕು ಎಂದು ಒಂದೊಂದರ ಮೇಲೂ ಕನ್ನಡ ಅಂಕಿ ಕೊರೆಯುವುದು ನಿಮ್ಮ ಗ್ಯಾರೇಜಿನ ಪದ್ಧತಿ. ನನಗೆ ಕನ್ನಡ ಅಂಕಿ ಶಾಲೆಯಲ್ಲಿ ಬಂದದ್ದಲ್ಲ, ನಿಮ್ಮ ವಾಲ್ವ್ ಕೊರೆದು ಬಂದದ್ದು. ನಾನು ಕಳಿಸಿದ ಎಂಟರ ಪಕ್ಕೆಯಲ್ಲೂ, ಎಣ್ಣೆ ಗೀರಿನ ಕೆಳಗೆ, ೧ರಿಂದ ೮ರವರೆಗೆ ಸಣ್ಣದಾಗಿ ಕೊರೆದಿದ್ದೆ. ನೀವು ನೋಡಿ ನಗುತ್ತೀರಿ ಎಂದುಕೊಂಡಿದ್ದೆ. ಬಂದ ಎಂಟರಲ್ಲಿ ಒಂದರ ಮೇಲೂ ಅಂಕಿ ಇಲ್ಲ.

ಇದರಿಂದ ನಾನು ಪಾರಾದೆ ಎಂದುಕೊಂಡಿರಾ? ಇನ್ನೂ ಕೆಟ್ಟಿತು. ಮ್ಯಾನೇಜರ್ ಏನೆಂದರು ಗೊತ್ತೇ? "ಕಂಪನಿ ಡಬ್ಬ, ಕಂಪನಿ ಬ್ಯಾಚ್ ನಂಬರ್, ಒಳಗೆ ಬಜಾರಿನ ಮಾಲು. ಒಳ್ಳೆಯದನ್ನು ಹೊರಗೆ ಮಾರಿ ಇದನ್ನು ತುಂಬಿ ಕಳಿಸಿದ್ದೀಯ" ಎಂದರು. ಮೊದಲು ಕೆಲಸ ಬಾರದವಳಾಗಿದ್ದೆ, ಈಗ ಕಳ್ಳಿ. ಜುಲೈ ಐದು, ಶನಿವಾರ ಹನ್ನೊಂದು ಗಂಟೆಗೆ ವಿಚಾರಣೆ. ಅಷ್ಟರೊಳಗೆ ನಾನು ಕಳಿಸಿದ ಎಂಟು ಸಿಗದಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಕಳ್ಳತನದ ಹೆಸರು ಹೊತ್ತವಳನ್ನು ಈ ಊರಿನ ಯಾವ ಕಾರ್ಖಾನೆಯ ಗೇಟೂ ಒಳಗೆ ಬಿಡುವುದಿಲ್ಲ.

ಡಬ್ಬ ನಿಮ್ಮ ಗ್ಯಾರೇಜಿಗೆ ಬರುವಾಗ ಸರಿಯಿತ್ತು, ಹೊರಡುವಾಗ ಕೆಟ್ಟಿತ್ತು. ನಡುವೆ ಅಲ್ಲಿ ಇದ್ದವರು ಇಬ್ಬರೇ, ನೀವು ಮತ್ತು ನಿಮ್ಮ ಮಗ. ನೀವಂತೂ ಇಂಥದ್ದು ಮಾಡುವವರಲ್ಲ. ಸಂಜಯನನ್ನು ಕೇಳಿ. ಯಾವ ಅಂಗಡಿಗೆ ನನ್ನ ಎಂಟನ್ನು ಮಾರಿದ ಎಂದು ಕೇಳಿ. ಹೇಳಲು ಕಷ್ಟವಾಗುತ್ತಿದೆ, ನಾನು ಎತ್ತಿ ಆಡಿಸಿದ ಹುಡುಗ ಅವನು. ಆದರೂ ಕೇಳಿ.

ಮೋನಿಕಾ


ದೋಣಿಗಲ್
27 ಜೂನ್ 2025

ಮೋನಿಕಾಗೆ,

ಸಂಜಯನನ್ನು ಕೇಳಿದೆ. ಇಲ್ಲ ಅಂದ. ಕೆನ್ನೆಗೆ ಎರಡು ಬಿಟ್ಟೆ. ಇಪ್ಪತ್ತಾರು ವರ್ಷದ ಮಗನಿಗೆ, ಗಿರಾಕಿಗಳ ಮುಂದೆ. ಅವನು ಸ್ಪ್ಯಾನರನ್ನು ಒರೆಸಿ, ಅದರ ಜಾಗದಲ್ಲಿಟ್ಟು, ಆಲೂರಿನ ಬಸ್ಸು ಹತ್ತಿ ಕುಂದೂರಿಗೆ ನಿನ್ನ ಅಪ್ಪನ ಮನೆಗೆ ಹೋಗ್ಬುಟ್ಟ.

ನಿನ್ನ ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಮಾಧಾನ ಆಯಿತೇ? ಇನ್ನು ಕಾಗದ ಬರೆಯಬೇಡ.

ಮೃತ್ಯುಂಜಯ


ಹೊಸೂರು
30 ಜೂನ್ 2025

ದೊಡ್ಡಪ್ಪ,

ಬರೆಯುತ್ತೇನೆ. ಬೇಡ ಅಂದರೆ ಬಿಡುವವಳನ್ನಾಗಿ ನೀವು ಬೆಳೆಸಲಿಲ್ಲ.

ನಿನ್ನೆ ಸಂಜಯ ಕುಂದೂರಿನಿಂದ ಫೋನ್ ಮಾಡಿದ್ದ. ನಾನೇ ಮೊದಲು ಬೈದೆ. ಎಲ್ಲ ಕೇಳಿಸಿಕೊಂಡು ಆಮೇಲೆ ಹೇಳಿದ: "ಅಕ್ಕಾ, ನಾನು ಆ ಡಬ್ಬ ಮುಟ್ಟೇ ಇಲ್ಲ ಕಣಕ್ಕಾ. ಲಿಫ್ಟರ್ ಕೆಲ್ಸ ಅಪ್ಪಂದೇ ಅಲ್ವಾ, ನನ್ನ ಯಾವತ್ತು ಮುಟ್ಟಕೆ ಬಿಟ್ಟವ್ರೆ? ಆದ್ರೆ ಅಪ್ಪಂಗೆ ಕೈ ಸರಿ ಇಲ್ಲ. ಅಂಗಿ ಗುಂಡಿನೂ ಅವ್ವನ ಕೈಲಿ ಹಾಕಿಸ್ಕತಾರೆ. ಸಣ್ಣ ನಟ್ಟೆಲ್ಲ ನನ್ನ ಕೈಲಿ ಹಾಕಿಸಿ, ಯಾರಿಗೂ ಹೇಳ್ಬ್ಯಾಡ ಅಂದವ್ರೆ." ಹೊಡೆತ ತಿಂದ ಮೇಲೂ ಅವನು ನಿಮ್ಮ ಮೇಲೆ ದೂರು ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ. ಅದರಲ್ಲಿ ನನ್ನ ಪಾಲೂ ಇದೆ, ಅವನ ಹೆಸರು ಹೇಳಿದವಳು ನಾನು. ಅವನ ಹತ್ತಿರ ತಪ್ಪಾಯಿತು ಎಂದೆ.

ಫೋನ್ ಇಟ್ಟು ನಿಮ್ಮ ಹಳೆಯ ಕಾಗದ ತೆಗೆದು ಓದಿದೆ. ಬಿಸಿ ಸೈಲೆನ್ಸರಿಗೆ ಬೆರಳು ತಾಗಿದೆ, ನೀವು ಕೈ ಎಳೆದುಕೊಂಡಿಲ್ಲ. ಸುಟ್ಟ ವಾಸನೆ ಬಂದ ಮೇಲೆ ನೋಡಿಕೊಂಡಿದ್ದೀರಿ. ಹೆಬ್ಬೆರಳು ಏನು ಹೇಳಿತು ಎಂದು ನಾನು ಕೇಳಿದ್ದಕ್ಕೆ ನೀವು ಹೇಳಿದ್ದು, ನಿನಗೆ ಬೇಡ ಎಂದು.

ಈಗ ನೇರವಾಗಿ ಕೇಳುತ್ತೇನೆ. ಆ ಬೆರಳಿಗೆ ಸ್ಪರ್ಶ ಇದೆಯೇ? ನಾನು ಕಳಿಸಿದ ಎಂಟು ಎಲ್ಲಿವೆ? ಶನಿವಾರ ಹನ್ನೊಂದು ಗಂಟೆಗೆ ನನ್ನ ಅನ್ನ ಹೋಗುತ್ತದೆ. ಹೋಗಲಿ, ಅನ್ನ ಬೇರೆ ಕಡೆ ಹುಟ್ಟಿಸಿಕೊಂಡೇನು. ಕಳ್ಳಿ ಎಂಬ ಹೆಸರನ್ನು ನನ್ನ ಹಣೆಗೆ ಹಚ್ಚಿದವರು ನನ್ನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು ಎಂಬುದನ್ನು ಮಾತ್ರ ನಾನು ಸಾಯುವತನಕ ಮರೆಯುವುದಿಲ್ಲ.

ಮೋನಿಕಾ


ಕುಂದೂರು
3 ಜುಲೈ 2025

ಮಗಳೇ,

ಕುಂದೂರಿನಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಿನ್ನ ಅಪ್ಪ ತೋಟಪ್ಪನ ಮುಂದೆ, ಸಂಜಯನ ಕೈ ಹಿಡಿದುಕೊಂಡು, ತಪ್ಪಾಯ್ತು ಕಣೋ ಎಂದೆ. ಅವನು ಅತ್ತ. ನಾನೂ ಅತ್ತೆ. ನಿನ್ನ ಅಪ್ಪ ಮಾತ್ರ "ನಂಗೇನೂ ಹೇಳ್ಬ್ಯಾಡ, ನನ್ ಮಗಳ ಹೆಸರು ಮೊದ್ಲು ತೊಳ್ದು ಕೊಡು" ಎಂದ. ನನ್ನ ತಮ್ಮ ನನಗೆ ಎದುರು ಮಾತಾಡಿದ್ದು ಇದೇ ಮೊದಲು. ಸರಿಯಾಗಿಯೇ ಮಾತಾಡಿದ.

ಸಂಜಯನ ಕೈಲಿ ಒಂದು ಬಿಸ್ಕತ್ ಡಬ್ಬ ಕಳಿಸುತ್ತಿದ್ದೇನೆ. ಅದರೊಳಗೆ ನಿನ್ನ ಎಂಟೂ ಇವೆ. ಎಣ್ಣೆಯಲ್ಲಿ ನೆನೆಸಿದೆ ಎಂದು ಬರೆದಿದ್ದೆನಲ್ಲ, ಅದೊಂದು ಸುಳ್ಳಲ್ಲ. ಒಂದೂವರೆ ತಿಂಗಳಿಂದ ಗ್ಯಾರೇಜಿನ ದೇವರ ಫೋಟೋ ಹಿಂದಿನ ಗೂಡಿನಲ್ಲಿ ಎಣ್ಣೆಯಲ್ಲೇ ಇದ್ದವು.

ಬೆರಳು ಸತ್ತಿದೆ ಕಣೇ. ಹೋದ ದೀಪಾವಳಿಯಿಂದ. ಮೊದಲು ಜುಮ್ಮೆನ್ನುತ್ತಿತ್ತು, ಆಮೇಲೆ ಅದೂ ಇಲ್ಲ. ಸಕ್ಕರೆ ಕಾಯಿಲೆ ಇರಬೇಕು, ತೋರಿಸಲು ಹೆದರಿಕೆ. ನಿನ್ನ ಎಂಟು ಬಂದ ದಿನ ಒಂದೊಂದೇ ಒತ್ತಿ ನೋಡಿದೆ. ಪ್ಲಂಜರ್ ಇಳಿಯಿತೋ ಇಲ್ಲವೋ, ಏನೂ ತಿಳಿಯಲಿಲ್ಲ. ಗಾಳಿ ಒತ್ತಿದ ಹಾಗಾಯಿತು. ನನ್ನ ಬೆರಳಿನದು ತಪ್ಪು ಎನ್ನಲು ಮನಸ್ಸು ಒಪ್ಪಲಿಲ್ಲ, ಮಾಲಿನದು ತಪ್ಪು ಎಂದುಕೊಂಡೆ. ಹಾಸನಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಬೇರೆ ಎಂಟನ್ನು ಒತ್ತಿ ನೋಡಿದೆ. ಅವು ಕಲ್ಲಿನ ಹಾಗೆ ಗಟ್ಟಿ, ಮಣಿಕಟ್ಟಿನವರೆಗೆ ತಿಳಿಯಿತು. ಆಹಾ, ಮಾಲು ಎಂದರೆ ಇದು, ನನ್ನ ಕೈ ಇನ್ನೂ ಇದೆ ಎಂದು ಎಷ್ಟು ಖುಷಿಪಟ್ಟೆ ಗೊತ್ತಾ? ಅವನ್ನೇ ಕೊಂಡು ತಂದು ಜೀಪಿಗೆ ಹಾಕಿದೆ. ಕಚ್ಚಿಕೊಂಡ ಮಾಲು ಗಟ್ಟಿ ಇರದೆ ಇನ್ನೇನಿರುತ್ತದೆ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು.

ಜಗದಾಂಬ ಯಾರ ಮಾಲು ಎಂದು ಕೇಳಿದಾಗ ಸುತ್ತ ಹತ್ತು ಜನ ನಿಂತಿದ್ದರು. ನಾನೇ ಆರಿಸಿದ್ದು ಎನ್ನಬೇಕಿತ್ತು. ನಿನ್ನ ಹೆಸರು ಬಾಯಿಗೆ ಬಂತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಮೇಲೆ ಆ ಒಂದು ಸುಳ್ಳು ಕಾಯಲು ಹಾಸನದ ಎಂಟನ್ನು ನಿನ್ನ ಡಬ್ಬದಲ್ಲಿ ಹಾಕಿ ಕಳಿಸಿದೆ, ನಿನಗೆ ಬೈದೆ, ಮಗನಿಗೆ ಹೊಡೆದೆ. ಅವನು ಮಾಡಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಡೆದೆ. ಈ ಸಾಲನ್ನು ಅವನ ಮುಂದೆಯೇ ಬರೆಯುತ್ತಿದ್ದೇನೆ.

ನಿನ್ನ ಕಂಪನಿಗೆ ಇನ್ನೊಂದು ಕಾಗದ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದ್ದೇನೆ. ಬೆರಳಿನ ವಿಚಾರವೂ ಅದರಲ್ಲಿದೆ. ನಿನ್ನೆ ಹೆತ್ತೂರಿಗೆ ಹೋಗಿ ಜಗದಾಂಬಳಿಗೂ ಹೇಳಿ ಬಂದೆ. ಅವಳು "ಮಕ್ಕಳು ಇದ್ರಲ್ಲಣ್ಣ ಒಳಗೆ" ಎಂದಳು ಅಷ್ಟೇ. ಅದಕ್ಕಿಂತ ಚಪ್ಪಲಿಯಲ್ಲಿ ಹೊಡೆದಿದ್ದರೆ ಚೆನ್ನಾಗಿತ್ತು.

ಡಬ್ಬ ಕಟ್ಟುವ ಮೊದಲು ಕನ್ನಡಕ ಹಾಕಿಕೊಂಡು ನಿನ್ನ ಅಂಕಿ ನೋಡಿದೆ. ಆರು ಇನ್ನೂ ಸೊಟ್ಟ ಬರೆಯುತ್ತೀಯ.

ಆಶೀರ್ವಾದ ಮಾಡಲು ಮುಖ ಇಲ್ಲ. ಆದರೂ ಮಾಡಿದ್ದೇನೆ.

ನಿನ್ನ ದೊಡ್ಡಪ್ಪ


ಹೊಸೂರು
6 ಜುಲೈ 2025

ದೊಡ್ಡಪ್ಪನವರಿಗೆ,

ಸಂಜಯ ಶುಕ್ರವಾರ ಸಂಜೆ ಬಂದ. ಹತ್ತು ಗಂಟೆ ಪ್ರಯಾಣದಲ್ಲಿ ಆ ಡಬ್ಬವನ್ನು ತೊಡೆಯಿಂದ ಕೆಳಗಿಳಿಸಿಲ್ಲ, ಪ್ಯಾಂಟೆಲ್ಲ ಎಣ್ಣೆ.

ನಿನ್ನೆ ಎಂಟನ್ನೂ ಎಲ್ಲರ ಮುಂದೆ ಮೆಷಿನ್ನಿಗೆ ಹಾಕಿದರು. ಕಳಿಸುವ ಮೊದಲು ನಾನು ತೆಗೆದಿಟ್ಟಿದ್ದ ಚೀಟಿಯಲ್ಲಿ ೧ರಿಂದ ೮ರ ಪಕ್ಕ ಸೆಕೆಂಡು ಬರೆದಿತ್ತು. ಒಂದೊಂದೂ ಅಷ್ಟಕ್ಕೇ ಇಳಿಯಿತು. ಸೊಟ್ಟ ಆರನ್ನು ನೋಡಿ ಮ್ಯಾನೇಜರ್ "ಇದೇನು ಚಿತ್ರ" ಎಂದರು, ಇದು ನಮ್ಮ ಗ್ಯಾರೇಜಿನ ಅಂಕಿ ಎಂದೆ. ಟೇಬಲ್ ವಾಪಸ್ ಕೊಟ್ಟಿದ್ದಾರೆ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

ನಿಮ್ಮ ಕಾಗದ ಕನ್ನಡದಲ್ಲಿತ್ತು, ವಿಚಾರಣೆಗೆ ಕೂತವರಲ್ಲಿ ಯಾರಿಗೂ ಓದಲು ಬರುವುದಿಲ್ಲ. ನಾನೇ ಓದಿ ಅರ್ಥ ಹೇಳಬೇಕಾಯಿತು. "ನನ್ನ ಹೆಬ್ಬೆರಳು ಸತ್ತಿರುವುದನ್ನು ಮುಚ್ಚಿಟ್ಟು ತಪ್ಪನ್ನು ನನ್ನ ಮಗಳ ಮೇಲೆ ಹಾಕಿದೆ" ಎಂದು ಬರೆದಿದ್ದೀರಿ. ತಮ್ಮನ ಮಗಳು ಎಂದು ಬರೆದಿಲ್ಲ. ಆ ಸಾಲಿಗೆ ಬಂದಾಗ ನಿಲ್ಲಿಸಿ, ನೀರು ಕುಡಿದು ಮುಂದೆ ಓದಿದೆ.

ಹಾಗೆಂದು ಕೋಪ ಹೋಗಿದೆ ಎಂದುಕೊಳ್ಳಬೇಡಿ. ಹೋಗಿಲ್ಲ. ಎರಡು ವಾರ ಕಳ್ಳಿ ಅನ್ನಿಸಿಕೊಂಡಿದ್ದೇನೆ, ಒಂದು ಕಾಗದಕ್ಕೆ ಹೋಗುವ ಕೋಪ ಅಲ್ಲ ಅದು.

ಮುಂದಿನ ಶನಿವಾರ ಬರುತ್ತೇನೆ, ಹೊಸ ಕ್ಯಾಮ್ ತೆಗೆದುಕೊಂಡು. ಸವೆದ ಕ್ಯಾಮಿನ ಮೇಲೆ ಹೊಸ ಲಿಫ್ಟರ್ ಕೂರಿಸಬಾರದು ಎಂದು ಕಲಿಸಿದವರು ನೀವೇ. ಎಂಟೂ ನನ್ನ ಬ್ಯಾಗಿನಲ್ಲಿವೆ. ಅಷ್ಟರೊಳಗೆ ಸಕಲೇಶಪುರದಲ್ಲೋ ಹಾಸನದಲ್ಲೋ ಡಾಕ್ಟರಿಗೆ ಕೈ ತೋರಿಸಿ, ರಕ್ತ ಪರೀಕ್ಷೆಯ ಚೀಟಿ ಇಟ್ಟುಕೊಂಡಿರಿ. ಚೀಟಿ ನೋಡದೆ ಬ್ಯಾಗಿನ ಜಿಪ್ ತೆಗೆಯುವುದಿಲ್ಲ. ಜಗದಾಂಬಕ್ಕನಿಗೂ ಫೋನ್ ಮಾಡಿ ಹಾಗೇ ಹೇಳಿದ್ದೇನೆ, ಅವರು ನಿಮ್ಮನ್ನು ಡಾಕ್ಟರ ಹತ್ತಿರ ತಾವೇ ಎಳೆದುಕೊಂಡು ಹೋಗುತ್ತಾರಂತೆ.

ಲಿಫ್ಟರನ್ನು ಸಂಜಯ ಒತ್ತಿ ನೋಡುತ್ತಾನೆ. ಅವನ ಹೆಬ್ಬೆರಳಿಗೆ ನೀವು ಪಕ್ಕದಲ್ಲಿ ಕೂತು ಕಲಿಸಿ. ಒತ್ತಿದರೆ ಹೇಗೆ ಇಳಿಯಬೇಕು ಎಂಬುದು ನಿಮ್ಮ ತಲೆಯಲ್ಲಿ ಇದೆಯಲ್ಲ, ಅದು ಸತ್ತಿಲ್ಲ.

ನಿಮ್ಮ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಬೈಯುವುದಿದ್ದರೆ ಇನ್ನು ಫೋನಿನಲ್ಲೇ ಬೈಯಿರಿ. ಕಟ್ ಮಾಡುವುದಿಲ್ಲ.

ಮೋನಿಕಾ